ನೊರೆಯಿಲ್ಲದ ಚಹಾ

ಬಾವಿಯ ಹತ್ತಿರ ಲಾರಿ ನಿಂತಿತು. ಮುಂದಿನ ಬಾಗಿಲು ತೆರೆದು ಒಂದು ಕಾಲು ಹೊರಗೆ ಬಂತು. ಅದು ಸ್ವಲ್ಪ ಹೊತ್ತು ಗಾಳಿಯಲ್ಲಿ ನೆಲ ಹುಡುಕಿ, ಸಿಗದೆ, ಮತ್ತೆ ಒಳಗೆ ಹೋಯಿತು.

"ಯರ್ಬ ಬಂದ," ಅಂದಳು ಗಾರ್ಮಿ. ಮುದುಕಿಗೆ ಕಣ್ಣು ಮಬ್ಬಾಗಿತ್ತು. ಆದರೆ ತಮ್ಮನ ಕಾಲನ್ನು ಎಷ್ಟು ದೂರದಿಂದಲಾದರೂ ಗುರುತು ಹಿಡಿಯುತ್ತಿದ್ದಳು. "ಒಂಟೆಗೇ ಬಂದಿರೋದು."

"ಮದುವೆಗೆ ಕರೆಯೋಕೆ ಬಂದಿರಬಹುದು, ಅತ್ತೆ," ಅಂದಳು ಸೊಸೆ ತೆಕ್ಬರ್.

"ಮದುವೆಗೆ ಕರೆಯೋಕೆ ಖಾಲಿ ಲಾರಿ ಯಾಕೆ ತರ್ತಾನೆ? ಮಗಳ ಜೊತೆ ಹಾಲಿನ ಒಂಟೆ ಕಳಿಸ್ತೀನಿ ಅಂತ ಬೀಗರ ಮುಂದೆ ಬಾಯಿ ಬಿಟ್ಟಿದಾನೆ. ಅವನ ಒಂಟೆಗಳೆಲ್ಲ ದಕ್ಷಿಣದ ಹುಲ್ಲಿಗೆ ಹೋಗಿವೆ. ಹತ್ತಿರ ಇರೋದು ಇದೊಂದೇ. ಮದುವೆ ನಾಳೆ."

ಇದೊಂದು ಎಂದರೆ ಝರ್ಗಾ. ಗುಡಾರದ ಹಿಂದೆ ಆ ಬೂದುಬಣ್ಣದ ಒಂಟೆ ತನ್ನ ಮರಿಯ ಬೆನ್ನ ಮೇಲೆ ಗದ್ದ ಊರಿ, ಕೆಳತುಟಿ ಜೋತುಬಿಟ್ಟುಕೊಂಡು, ಯಾರ ಮದುವೆಯೂ ತನಗೆ ಸಂಬಂಧವಿಲ್ಲ ಎಂಬಂತೆ ನಿಂತಿತ್ತು.

ಝರ್ಗಾ ಯರ್ಬನದು. ತೆಕ್ಬರಳ ಗಂಡ ಲಿಮಾಮ್ ತೀರಿಕೊಂಡಾಗ, ಅವನ ಸೋದರಮಾವನಾದ ಯರ್ಬ ಅದನ್ನು ತಂದು ಈ ಗುಡಾರದ ಮುಂದೆ ಕಟ್ಟಿ, "ಹಾಲು ಕುಡೀರಿ, ಬೇಕಾದಾಗ ಕೇಳ್ತೀನಿ," ಎಂದು ಹೇಳಿ ಹೋಗಿದ್ದ. ಆ ಕಡೆ ಹಾಲಿನ ಒಂಟೆ ಕೊಡುವ ರೀತಿಯೇ ಅದು. ಹಾಲು ಹಿಂಡಿದವರದು, ಒಂಟೆ ಕೊಟ್ಟವನದು. ಅವನು ಕೇಳಿದ ದಿನ ಮುಖ ಗಂಟು ಹಾಕದೆ ಹಗ್ಗ ಅವನ ಕೈಗಿಡಬೇಕು.

ಗಂಡ ಸತ್ತ ಮೇಲೆ ತೆಕ್ಬರಳ ಅಣ್ಣಂದಿರು ಅವಳನ್ನು ತವರಿಗೆ ಕರೆದೊಯ್ಯಲು ಬಂದಿದ್ದರು. ಅವಳು, "ಝರ್ಗಾನ ಹಾಲು ಯಾರು ಹಿಂಡ್ತಾರೆ?" ಎಂದು ಕೇಳಿದಳು. ಅಣ್ಣಂದಿರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಬೇರೆ ಕಾರಣ ಹೇಳಲಿ ಎಂದು ಕಾದರು. ಅವಳು ಹೇಳಲಿಲ್ಲ. ಅವರು ಹೊರಟುಹೋದರು. ಝರ್ಗಾ ಹೋದರೆ ಅವರು ಮತ್ತೆ ಬರುತ್ತಾರೆ, ಆಗ ಹೇಳಲು ಅವಳ ಹತ್ತಿರ ಏನೂ ಇರುವುದಿಲ್ಲ. ಗಾರ್ಮಿ ಒಬ್ಬಳೇ ಉಳಿಯುತ್ತಾಳೆ. ಇದನ್ನು ಅತ್ತೆ ಸೊಸೆ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

"ಲಾರಿ ಎಷ್ಟು ಹೊತ್ತಿಗೆ ಹೊರಡುತ್ತೆ?" ಎಂದಳು ಗಾರ್ಮಿ.

"ಸೂರ್ಯ ಖರ್ಜೂರದ ತೋಪಿನ ಹಿಂದೆ ಇಳಿಯೋದ್ರೊಳಗೆ. ಡ್ರೈವರ್ ದೆಂಬಾನ ಲಾರಿಗೆ ಒಂದು ದೀಪ ಇಲ್ಲ, ಇನ್ನೊಂದು ಆಕಾಶ ನೋಡುತ್ತೆ. ಕತ್ತಲಾದ್ರೆ ಕಣಿವೆ ದಾಟೋಕಾಗಲ್ಲ."

"ಹಾಗಾದ್ರೆ ಚಹಾ ಇಡು," ಅಂದಳು ಗಾರ್ಮಿ. "ನಿಧಾನಕ್ಕೆ."

ಯಾಕೆಂದರೆ ಯರ್ಬನಿಗೊಂದು ಕಟ್ಟಳೆಯಿತ್ತು. ಮೂರು ಲೋಟ ಚಹಾ ಆಗುವ ತನಕ ಅವನು ಕೆಲಸದ ಮಾತು ಎತ್ತುತ್ತಿರಲಿಲ್ಲ, ಯಾರಾದರೂ ಎತ್ತಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೂರನೇ ಲೋಟ ಕೈಯಲ್ಲಿ ಹಿಡಿದು ಅತಿಥಿ ಏನು ಕೇಳುತ್ತಾನೋ ಅದನ್ನು ಚಹಾ ಕಾಸಿದವನು ಇಲ್ಲ ಎನ್ನಬಾರದು. ಇದು ತಮ್ಮ ವಂಶದ ಮರ್ಯಾದೆ ಎಂದು ಅವನು ಕಂಡಕಂಡಲ್ಲಿ ಸಾರಿಕೊಂಡು ಬಂದಿದ್ದ. ಈ ಮರ್ಯಾದೆಯಿಂದ ಅವನಿಗೆ ಇದುವರೆಗೆ ಒಂದು ಒಂಟೆಯ ಜೀನು, ಒಂದು ರೇಡಿಯೊ, ಒಂದು ಬಾವಿಯ ಪಾಲು ಸಿಕ್ಕಿದ್ದವು. ಹೆಂಡತಿಯೂ ಹಾಗೇ ಸಿಕ್ಕಿದಳೆಂದು ಅವನು ಹೇಳುತ್ತಿದ್ದ. ಹೆಂಡತಿ ಬೇರೆ ಥರ ಹೇಳುತ್ತಿದ್ದಳು.

ಯರ್ಬ ಕೊನೆಗೂ ನೆಲ ಸಿಕ್ಕು ಇಳಿದು ಬಂದ. ನೀಲಿ ನಿಲುವಂಗಿಯ ಎರಡೂ ತೋಳು ಹೆಗಲ ಮೇಲೆ ಮಡಚಿಕೊಂಡು ಗುಡಾರದೊಳಗೆ ಬಂದಾಗ ಒಳಗೆ ಸ್ವಲ್ಪ ಕತ್ತಲಾಯಿತು.

"ಹೇಗಿದೀಯ ಅಕ್ಕ? ಕೇಡಿಲ್ವಾ? ಆಡು ಕುರಿ ಚೆನ್ನಾಗಿವೆಯಾ? ಮಳೆ ಸುದ್ದಿ ಏನಾದ್ರೂ?"

"ಕೇಡಿಲ್ಲ. ನೀನು ಹೇಗಿದೀಯ? ಮಂಡಿ ಹೇಗಿದೆ? ಮನೆಯೋರು? ಮನೆಯೋರ ಅಮ್ಮ? ಮನೆಯೋರ ಅಮ್ಮನ ಹಲ್ಲುನೋವು?"

ಗಾರ್ಮಿ ಅವನ ಹೆಂಡತಿಯ ಕಡೆಯ ನೆಂಟರನ್ನು ಒಬ್ಬೊಬ್ಬರನ್ನಾಗಿ ಹಿಡಿದು ವಿಚಾರಿಸಿದಳು. ಸತ್ತವರನ್ನೂ ಬಿಡಲಿಲ್ಲ. ಯರ್ಬ ಪ್ರತಿಯೊಬ್ಬರಿಗೂ ಉತ್ತರ ಕೊಟ್ಟು ಬೆವರು ಒರೆಸಿಕೊಂಡ. ಹೊರಗೆ ಲಾರಿಯ ಹಾರನ್ ಕೇಳಿಸಿತು.

"ಚಹಾ ತೆಕ್ಬರ್," ಅಂದ ಯರ್ಬ, ದಿಂಬಿಗೊರಗಿ. "ದಾರಿಯುದ್ದಕ್ಕೂ ನಿನ್ನ ನೊರೆ ನೆನೆಸಿಕೊಂಡೇ ಬಂದೆ."

ಅವನು ಸುಮ್ಮನೆ ಹೇಳಿದ್ದಲ್ಲ. ತೆಕ್ಬರಳ ಚಹಾದ ನೊರೆ ಆ ಸೀಮೆಯಲ್ಲಿ ಹೆಸರುವಾಸಿ. ಗಿಂಡಿಯನ್ನು ಮೇಲೆತ್ತಿ ಲೋಟಕ್ಕೆ ಸುರಿದು, ಲೋಟದಿಂದ ಲೋಟಕ್ಕೆ ಹಾಕಿ ಹಾಕಿ, ತಳದಲ್ಲಿ ದಪ್ಪನೆಯ ನೊರೆ ಕಟ್ಟಿಸಿ, ಆಮೇಲೆ ಅದರಡಿಗೆ ಚಹಾ ಇಳಿಸುವಾಗ ಒಂದು ಹನಿ ತಟ್ಟೆಗೆ ಬೀಳುತ್ತಿರಲಿಲ್ಲ. ಲಿಮಾಮ್ ಅದನ್ನು ಎಂದೂ ಬಾಯಲ್ಲಿ ಹೊಗಳಿದವನಲ್ಲ. ನೊರೆಯನ್ನು ಮೀಸೆಗೆ ಅಂಟಿಸಿಕೊಂಡು, ಒರೆಸಿಕೊಳ್ಳದೆ, ಊರೆಲ್ಲ ಓಡಾಡುತ್ತಿದ್ದ.

ತೆಕ್ಬರ್ ಅಗ್ಗಿಷ್ಟಿಕೆ ಎಳೆದುಕೊಂಡಳು. ನೀರಿನ ಮಡಕೆಯ ಪಕ್ಕದಲ್ಲಿದ್ದು ತೇವಗೊಂಡಿದ್ದ ಇದ್ದಿಲನ್ನೇ ಹುಡುಕಿ ಹಾಕಿದಳು. ಹೊಗೆ ಎದ್ದಿತು. ಬೀಸಣಿಗೆಯನ್ನು ಬೆಂಕಿಗೆ ಬೀಸದೆ ಹೊಗೆಗೆ ಬೀಸಿದಳು. ಹೊಗೆ ನೆಟ್ಟಗೆ ಯರ್ಬನ ಕಡೆ ಹೋಯಿತು.

"ಇದ್ದಿಲು ಹಸಿ," ಅಂದ ಯರ್ಬ, ಕಣ್ಣು ಉಜ್ಜಿಕೊಂಡು.

"ಒಣಗುತ್ತೆ ಬಿಡಿ ಮಾವ. ಅವಸರ ಏನಿದೆ?"

ಅವಸರ ಇದೆ ಎನ್ನುವಂತಿಲ್ಲ. ಯಾಕೆ ಎಂದು ಹೇಳಬೇಕಾಗುತ್ತದೆ, ಹೇಳಿದರೆ ಅದು ಕೆಲಸದ ಮಾತು. ಯರ್ಬ ಮೀಸೆ ಕಡಿದುಕೊಂಡ.

ಹಾರನ್ ಮತ್ತೆ ಕೂಗಿತು. ಈ ಸಲ ಉದ್ದಕ್ಕೆ.

"ಪಾಪ, ಆ ಡ್ರೈವರನ್ನೂ ಕರೀರಿ," ಅಂದಳು ಗಾರ್ಮಿ. "ಚಹಾ ಅಂದ್ಮೇಲೆ ಜನ ಬೇಕು."

ದೆಂಬಾ ಬಂದ. ನದಿಯ ಕಡೆಯವನು, ತೆಳ್ಳಗೆ ಉದ್ದಕ್ಕಿದ್ದ. ಒಳಗೆ ಬರುವ ಮುಂಚೆ ಗುಡಾರದ ಹಿಂದಕ್ಕೆ ಹೋಗಿ ಝರ್ಗಾಳನ್ನು ನೋಡಿಬಂದ. ಮುಖ ಸಪ್ಪಗಿತ್ತು.

"ಹಾಜಿ ಸಾಹೇಬ್ರೇ, ಇದೇನಾ?" ಎಂದು ಕೇಳಿದ.

"ಏನು ಇದೇನಾ? ಕೂತ್ಕೋ. ಇನ್ನೂ ಒಂದು ಲೋಟವೂ ಆಗಿಲ್ಲ."

ದೆಂಬಾ ತೆಕ್ಬರಳ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದ: "ಅಕ್ಕಾ, ಹೋದ ವರ್ಷ ಒಂದು ಒಂಟೆ ಹೇರಿದ್ದೆ. ಹಿಂದಿನ ಕಿಟಕಿಯಿಂದ ಕತ್ತು ತೂರಿಸಿ ನನ್ನ ಸೀಟು ತಿಂತು. ಟೋಪೀನೂ ತಿಂತು. ಆಮೇಲೆ ಊರು ಬರೋವರೆಗೂ ನನ್ನ ತಲೆ ಮೇಲೆ ತುಟಿ ಇಟ್ಕೊಂಡೇ ಇತ್ತು. ನಾನು ಒಂಟೆ ಹೇರಲ್ಲ ಅಂತ ಆಣೆ ಮಾಡಿದೀನಿ. ಹಾಜಿ ಸಾಹೇಬ್ರು ಆಡು ಅಂತ ಹೇಳಿ ಕರ್ಕೊಂಡು ಬಂದ್ರು."

ತೆಕ್ಬರ್ ಅವನನ್ನು ನೋಡಿದಳು. ಅವನಿಗೆ ಒಂದು ದಿಂಬು ಹೆಚ್ಚು ಕೊಟ್ಟಳು.

ಬೆಂಕಿ ಹೇಗೋ ಹತ್ತಿಕೊಂಡಿತು. ಅವಳು ಚೀನಾದ ಹಸಿರು ಚಹಾವನ್ನು ಗಿಂಡಿಗೆ ಹಾಕಿ, ಬಿಸಿನೀರಿನಲ್ಲಿ ತೊಳೆದು ಚೆಲ್ಲಿದಳು. ಒಂದು ಸಲ ತೊಳೆಯುವುದು ಪದ್ಧತಿ. ಅವಳು ಮತ್ತೆ ತೊಳೆದಳು. ಮತ್ತೊಮ್ಮೆ ತೊಳೆದಳು.

"ಮಗಳೇ, ಅದು ಚಹಾ. ಬಟ್ಟೆ ಅಲ್ಲ," ಅಂದ ಯರ್ಬ.

"ಈ ಸಲ ಅಂಗಡೀಲಿ ಧೂಳು ಜಾಸ್ತಿ ಬಂದಿದೆ ಮಾವ."

ಸುರಿಯುವ ಹೊತ್ತು ಬಂತು. ಕಷ್ಟ ಇದ್ದದ್ದು ಇಲ್ಲೇ. ಗಿಂಡಿ ಹಿಡಿದ ಕೂಡಲೇ ತೆಕ್ಬರಳ ಬಲಗೈ ತಾನಾಗಿ ಮೇಲೇರತೊಡಗಿತು. ಅವಳು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. ಗಿಂಡಿಯ ಮೂತಿಯನ್ನು ಲೋಟದ ಅಂಚಿಗೇ ತಾಗಿಸಿ, ಮಗುವಿಗೆ ಔಷಧಿ ಹಾಕುವಂತೆ ಸುರಿದಳು. ನೊರೆ ಬರಲಿಲ್ಲ. ಒಂದು ಗುಳ್ಳೆ ಬಂತು. ಅದೂ ಎಲ್ಲರೂ ನೋಡುತ್ತಿದ್ದಂತೆ ಒಡೆದುಹೋಯಿತು.

ಯರ್ಬ ಲೋಟವನ್ನು ಬೆಳಕಿಗೆ ಹಿಡಿದ. ಆಚೆ ಕಡೆಯ ದೆಂಬಾ ಪೂರ್ತಿ ಕಂಡ.

"ಬಿಸ್ಮಿಲ್ಲಾ," ಎಂದು ದೇವರನ್ನು ನೆನೆದು ಕುಡಿದ. ನಿಜವಾಗಿಯೂ ನೆನೆದ.

"ಹೇಗಿದೆ ಮಾವ?"

"ಬೆಚ್ಚಗಿದೆ," ಅಂದ ಯರ್ಬ. ಅವನು ಅತಿಥಿ. ಅದಕ್ಕಿಂತ ಹೆಚ್ಚು ಹೇಳಲಾರ.

"ನನಗಂತೂ ಹಿಡಿಸ್ತು," ಅಂದ ದೆಂಬಾ. "ನಮ್ಮೂರಲ್ಲಿ ಕಾಯಿಲೆಯೋರಿಗೆ ಹೀಗೇ ಕೊಡ್ತಾರೆ."

ಎರಡನೇ ಲೋಟಕ್ಕೆ ತೆಕ್ಬರ್ ಅದೇ ಎಲೆಗೆ ನೀರು ಹಾಕಿ ಇಟ್ಟಳು, ಸಕ್ಕರೆ ಗಟ್ಟಿ ಒಡೆಯಲು ಶುರುಮಾಡಿದಳು. ಒಡೆದು, ತುಂಡುಗಳನ್ನು ದೊಡ್ಡವು ಚಿಕ್ಕವು ಎಂದು ಬೇರೆ ಮಾಡಿದಳು. ಚಿಕ್ಕವನ್ನು ಮತ್ತೆ ಚಿಕ್ಕವು, ತೀರ ಚಿಕ್ಕವು ಎಂದು ಬೇರೆ ಮಾಡಿದಳು. ಗಿಂಡಿ ಉಕ್ಕಿ ಕೆಂಡದ ಮೇಲೆ ಸುರಿಯಿತು. ಚುಸ್ ಎಂದು ಬೂದಿ ಹಾರಿ ತಟ್ಟೆಯ ಮೇಲೆ ಇಳಿಯಿತು. ಪುದೀನವನ್ನು ಬುಡದ ಮಣ್ಣು ಸಮೇತ ಗಿಂಡಿಗೆ ಹಾಕಹೊರಟಾಗ ಯರ್ಬನ ಎರಡೂ ಕೈ ತಾವಾಗಿ ಮುಂದೆ ಬಂದವು. ಅವನು ಅವುಗಳ ಮೇಲೆ ಕೂತುಕೊಂಡ.

ಗಾರ್ಮಿ ಇದನ್ನೆಲ್ಲ ಕಿವಿಯಿಂದಲೇ ನೋಡುತ್ತಿದ್ದಳು.

"ಬೇಜಾರು ಮಾಡ್ಕೋಬೇಡ ಯರ್ಬ. ಲಿಮಾಮ್ ಹೋದ್ಮೇಲೆ ಅವಳ ಕೈ ಹೀಗಾಗಿದೆ. ನೀನೂ ಒಂದು ಕಾಲದಲ್ಲಿ ಚಹಾ ಕಾಸ್ತಿದ್ದೆ. ಈಗ ನಿನಗೂ ಕೈ ನಡುಗುತ್ತೆ ಅಂತಾರೆ ಜನ."

"ಯಾವ ಜನ?"

"ಜನ. ಎಲ್ಲಾ ಕಡೆ ಇರ್ತಾರಲ್ಲ, ಅವರು."

ಯರ್ಬನ ಕುತ್ತಿಗೆ ಕೆಂಪಾಯಿತು. ಆದರೂ ತಡೆದುಕೊಂಡ. ಅಷ್ಟರಲ್ಲಿ ತೆಕ್ಬರ್ ಎರಡನೇ ಲೋಟ ಸುರಿಯಲು ಹೊರಟಾಗ, ಗಿಂಡಿಯ ಮೂತಿಗೆ ಪುದೀನದ ಬೇರು ಸಿಕ್ಕಿಕೊಂಡು ಚಹಾ ಬರಲಿಲ್ಲ. ಅವಳು ಗಿಂಡಿಯನ್ನು ಬಾಯಿಗಿಟ್ಟು ಊದಿದಳು.

"ಸಾಕು," ಅಂದ ಯರ್ಬ. "ತೆಗಿ ಇಲ್ಲಿ."

"ಮಾವ, ನೀವು ಅತಿಥಿ."

"ನಾನು ಅತಿಥಿ, ಸರಿ. ಸಾಯೋಕೆ ಬಂದ ಅತಿಥಿ ಅಲ್ಲ. ಏಳು ಅಲ್ಲಿಂದ. ಇಲ್ಲಿ ಬಂದು ದಿಂಬಿಗೆ ಒರಗ್ಕೋ, ನೋಡು, ಕಲ್ತ್ಕೋ."

ಅವನು ಅವಳನ್ನು ಎಬ್ಬಿಸಿ, ತಟ್ಟೆಯ ಮುಂದೆ ಮಂಡಿ ಊರಿ ಕೂತ. ಗಿಂಡಿಯಲ್ಲಿದ್ದುದನ್ನೆಲ್ಲ ಹೊರಗೆ ಚೆಲ್ಲಿದ. ಲೋಟಗಳನ್ನು ತೊಳೆದ. ಇದ್ದಿಲು ಬದಲಾಯಿಸಿದ.

"ಒಂದು ಲೋಟ ಆಗ್ಲೇ ಆಯ್ತಲ್ಲ ಹಾಜಿ ಸಾಹೇಬ್ರೇ," ಅಂದ ದೆಂಬಾ.

"ಅದು ಲೋಟ ಅಲ್ಲ. ಅದು ಅಪಘಾತ. ಮೊದಲಿಂದ ಶುರು."

ತೆಕ್ಬರ್ ದಿಂಬಿಗೆ ಒರಗಿ ಗುಡಾರದ ಬಾಗಿಲಾಚೆ ನೋಡಿದಳು. ಸೂರ್ಯ ತೋಪಿನ ತಲೆಗಿಂತ ಇನ್ನೂ ಮೇಲಿದ್ದ. ಆದರೆ ಇಳಿಯುತ್ತಿದ್ದ.

ಯರ್ಬ ಒಳ್ಳೆಯ ಕೈಯವನು. ಅದು ಅವಳಿಗೆ ಗೊತ್ತಿತ್ತು. ಹೀಗೆ ಹೋದರೆ ಹೊತ್ತು ಮೀರುವುದರೊಳಗೆ ಮೂರನ್ನೂ ಮುಗಿಸಿಬಿಡುತ್ತಾನೆ. ಮೊದಲ ಲೋಟ ಬಂತು. ಕಹಿ, ಕಡು, ಮೇಲೆ ಬೆರಳಗಲ ನೊರೆ. ಗಾರ್ಮಿಯೇ ಬಾಯಿ ಚಪ್ಪರಿಸಿಬಿಟ್ಟಳು. ಎರಡನೆಯದು ಬಂತು, ಸಿಹಿಯಾಗಿ. ಯರ್ಬ ಎಲ್ಲರ ಮುಖ ನೋಡಿ ಹೊಗಳಿಕೆಗೆ ಕಾದ.

"ಪರವಾಗಿಲ್ಲ," ಅಂದ ದೆಂಬಾ.

ಯರ್ಬ ಲೋಟ ಕೆಳಗಿಟ್ಟ.

"ಏನಂದೆ?"

"ಚೆನ್ನಾಗಿದೆ ಅಂದೆ. ತಿದ್ಜಿಕ್ಜಾ ಊರಿನ ಕಡೆ ಒಬ್ಬ ಟೈರು ತೇಪೆ ಹಾಕೋನಿದಾನೆ. ಅವನ ನೊರೆ ಮೇಲೆ ಖರ್ಜೂರದ ಬೀಜ ಇಟ್ರೆ ಮುಳುಗಲ್ಲ. ನಾನೇ ಇಟ್ಟು ನೋಡಿದೀನಿ. ಹಾಗಂತ ನಿಮ್ಮದು ಕೆಟ್ಟದ್ದು ಅಂತ ಅಲ್ಲ."

"ಬೀಜ ತಾ," ಅಂದ ಯರ್ಬ.

ಗಾರ್ಮಿ ಖರ್ಜೂರದ ಬಟ್ಟಲು ತಳ್ಳಿದಳು. ಯರ್ಬ ಒಂದು ಖರ್ಜೂರ ಬಾಯಿಗೆ ಹಾಕಿ, ಬೀಜ ತೆಗೆದು, ನೊರೆಯ ಮೇಲಿಟ್ಟ. ಬೀಜ ಒಂದು ಕ್ಷಣ ಯೋಚಿಸಿ ಮುಳುಗಿತು.

ಆಮೇಲೆ ನಡೆದದ್ದನ್ನು ದೆಂಬಾ ಆ ರಸ್ತೆಯ ಪ್ರತಿಯೊಂದು ಬಾವಿಯ ಹತ್ತಿರವೂ ಹೇಳಿಕೊಂಡು ಬಂದಿದ್ದಾನೆ. ಯರ್ಬ ಮೂರನೇ ಲೋಟಕ್ಕೆ ಗಿಂಡಿ ಇಟ್ಟು ನೊರೆ ಕಟ್ಟಲು ಶುರುಮಾಡಿದ. ಲೋಟದಿಂದ ಲೋಟಕ್ಕೆ, ಲೋಟದಿಂದ ಲೋಟಕ್ಕೆ. ಕೂತು ಸುರಿದರೆ ಎತ್ತರ ಸಾಲದೆಂದು ಮಂಡಿಯ ಮೇಲೆದ್ದ. ಅದೂ ಸಾಲದೆಂದು ನಿಂತ. ತಲೆ ಗುಡಾರದ ಬಟ್ಟೆಗೆ ತಗುಲಿ ಇಡೀ ಗುಡಾರ ಅವನ ಜೊತೆ ಅತ್ತಿತ್ತ ಆಡಿತು. ಬೀಜ ಇಟ್ಟ, ಮುಳುಗಿತು. ದೊಡ್ಡ ಬೀಜ ಎಂದು ಸಣ್ಣದು ಹುಡುಕಿದ. ಅದಕ್ಕಾಗಿ ಮತ್ತೆ ನಾಲ್ಕಾರು ಖರ್ಜೂರ ತಿನ್ನಬೇಕಾಯಿತು. ಬಾಯಿ ತುಂಬಿಕೊಂಡೇ ದೆಂಬಾನಿಗೆ ಆಜ್ಞೆ ಮಾಡಿದ: "ಬೀಸು. ಮೆತ್ತಗೆ. ಕೆಂಡಕ್ಕೆ ಬೀಸು, ನನಗಲ್ಲ."

"ಆ ಟೈರಿನೋನು ಕಣ್ಮುಚ್ಕೊಂಡು ಹಾಕ್ತಿದ್ದ," ಅಂದ ದೆಂಬಾ, ಬೀಸುತ್ತ.

"ಅವನ ವಿಷಯ ಇನ್ನೊಮ್ಮೆ ಎತ್ತಿದ್ರೆ ನಿನ್ನ ಲಾರೀಲಿ ನಾನು ಬರಲ್ಲ."

ತೆಕ್ಬರ್ ಬಾಗಿಲಾಚೆ ನೋಡುತ್ತಿದ್ದಳು. ಸೂರ್ಯ ತೋಪಿನ ತಲೆಗೆ ತಾಗಿದ್ದ. ಇನ್ನು ಸ್ವಲ್ಪ ಹೊತ್ತು. ಇನ್ನು ಒಂದು ಬೀಜ ಮುಳುಗಿದರೆ ಸಾಕು.

ಬೀಜ ಮುಳುಗಲಿಲ್ಲ.

ಯರ್ಬ ಕೆಳಗೆ ಕೂತು, ಮೂಗು ಲೋಟದ ಹತ್ತಿರ ತಂದು ನೋಡಿದ. ಗಾರ್ಮಿಯ ಬೆರಳು ಹಿಡಿದು ಮುಟ್ಟಿಸಿ ತೋರಿಸಿದ. ದೆಂಬಾ ಬಗ್ಗಿ ನೋಡಿ ತಲೆದೂಗಿದ. ಅವನ ಮುಖ ಮಾತ್ರ ಮುಳುಗಿತು. ಬಿಸಿಲು ಇನ್ನೂ ಇತ್ತು, ಝರ್ಗಾಳನ್ನು ಮಲಗಿಸಿ ಲಾರಿಗೆ ಹೇರುವಷ್ಟು ಇತ್ತು.

ಯರ್ಬ ಒಬ್ಬೊಬ್ಬರಿಗೂ ಲೋಟ ಕೊಟ್ಟ. ಬೀಜದ ಲೋಟವನ್ನು ತೆಕ್ಬರಳ ಕೈಗಿಟ್ಟ. ಬೆವರು ಒರೆಸಿಕೊಂಡು, ತೋಳು ಹೆಗಲಿಗೆ ಹಾಕಿಕೊಂಡು ಗಂಟಲು ಸರಿಮಾಡಿಕೊಂಡ.

"ಸರಿ. ಮೂರನೇ ಲೋಟವೂ ಆಯ್ತು. ಈಗ ನಾನು ಬಂದ ಮಾತು ಹೇಳ್ತೀನಿ. ತೆಕ್ಬರ್—"

ಲೋಟ ಅವಳ ಕೈ ಸುಡುತ್ತಿತ್ತು. ಅವಳು ಯರ್ಬನನ್ನು ನೋಡಿದಳು. ತಟ್ಟೆ ಅವನ ಮುಂದಿತ್ತು, ಅಗ್ಗಿಷ್ಟಿಕೆ ಅವನ ಮಂಡಿಗೆ ತಾಗಿಕೊಂಡಿತ್ತು, ಸಕ್ಕರೆ ಅವನ ತೊಡೆಯ ಮೇಲಿತ್ತು. ತಾನು ಅತಿಥಿಯ ದಿಂಬಿಗೆ ಒರಗಿದ್ದಳು. ಅಲ್ಲಿಯತನಕ ಅವಳಿಗೆ ಹೊಳೆದೇ ಇರಲಿಲ್ಲ.

"ಮಾವ, ಈ ಚಹಾ ಕಾಸಿದ್ದು ಯಾರು?"

"ಯಾರು ಅಂದ್ರೆ? ನಾನೇ. ಬೀಜ ತೇಲ್ತಿರೋದು ಕಾಣಲ್ವಾ?"

"ಹಾಗಾದ್ರೆ ಕೇಳೋಳು ನಾನು."

ಯರ್ಬ ತೊಡೆಯ ಮೇಲಿನ ಸಕ್ಕರೆಯನ್ನು ಕೆಳಗಿಟ್ಟ.

"ಝರ್ಗಾನ ನಮಗೇ ಬಿಟ್ಟುಬಿಡಿ," ಅಂದಳು ತೆಕ್ಬರ್. "ಹಾಲು ಮಾತ್ರ ಅಲ್ಲ. ಒಂಟೇನೇ. ಮರೀನೂ."

"ಗುಡಾರ ನಿಂದು," ಅಂದ ಯರ್ಬ. "ಚಹಾ ನಿಂದು. ಸಕ್ಕರೆ ನಿಂದು. ನಾನು ಸುಮ್ಮನೆ ಸುರಿದೆ ಅಷ್ಟೇ."

"ಸುಮ್ಮನೆ ಸುರಿದೆ ಅಷ್ಟೇನಾ?" ಅಂದಳು ಗಾರ್ಮಿ. "ನೀನು ನಿಂತ್ಕೊಂಡು ನನ್ನ ಗುಡಾರದ ಗೂಟ ಕಿತ್ತಿದೀಯ."

"ಹಾಜಿ ಸಾಹೇಬ್ರು ಹೇಳೋದೂ ಸರಿ," ಅಂದ ದೆಂಬಾ. "ಸಕ್ಕರೆ ಯಾರದೋ ಚಹಾ ಅವರದೇ ಅಂತಾದ್ರೆ, ಕಾಸೋದು ಏನು ಮಹಾ? ಯಾರು ಬೇಕಾದ್ರೂ ಕಾಸಬಹುದು. ತೆಕ್ಬರಕ್ಕ ಕಾಸಿದ್ರೂ ಒಂದೇ, ನೀವು ಕಾಸಿದ್ರೂ ಒಂದೇ."

ಯರ್ಬ ತೆಕ್ಬರಳ ಕೈಯ ಲೋಟ ನೋಡಿದ. ಬೀಜ ಇನ್ನೂ ತೇಲುತ್ತಿತ್ತು. ಅವನು ಒಂಟೆ ಇರುವ ದಿಕ್ಕಿಗೆ ನೋಡಿದ. ಮತ್ತೆ ಬೀಜ ನೋಡಿದ. ಗಂಡಸಿನ ಬಾಳಿನಲ್ಲಿ ಇಂಥ ಹೊತ್ತು ಬಂದಾಗ ಅವನ ಮುಖ ನೋಡಬಾರದೆಂದು ತೆಕ್ಬರ್ ತಲೆ ತಗ್ಗಿಸಿದಳು.

"ಕಾಸಿದ್ದು ನಾನೇ," ಅಂದ ಯರ್ಬ. "ತಗೋ. ಒಂಟೆ ನಿಂದು."

ತೆಕ್ಬರ್ ಕುಡಿದಳು. ಚಹಾ ನಿಜವಾಗಿಯೂ ಚೆನ್ನಾಗಿತ್ತು.

ಮಗಳ ಜೊತೆ ಕಳಿಸಲು ಏನಾದರೂ ಬೇಕಲ್ಲ ಎಂದು ಗಾರ್ಮಿ ಒಂದು ಹಾಲಿನ ಆಡು ಕೊಟ್ಟಳು, ಕಪ್ಪು ಬಿಳಿ ಮಚ್ಚೆಯದು. ಕೊನೆಗೆ ಲಾರಿಗೆ ಹೇರಿದ್ದು ಆಡನ್ನೇ ಆದ್ದರಿಂದ ತಾನು ಸುಳ್ಳು ಹೇಳಿದಂತಾಗಲಿಲ್ಲ ಎಂದು ಯರ್ಬ ದೆಂಬಾನಿಗೆ ತಿಳಿಸಿದ. ಹಿಂದೆ ಒಂದೇ ಆಡು ಇದ್ದರೆ ಉರುಳಾಡುತ್ತದೆಂದು ದೆಂಬಾ ಅದನ್ನು ಯರ್ಬನ ತೊಡೆಯ ಮೇಲೆ ಕೂರಿಸಿದ. ಲಾರಿ ಹೊರಟಿತು. ಯರ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಆಡೂ ಹಾಕಿತು.

"ಒಂಟೆ ಹೋಗ್ಲಿ ಬಿಡು," ಎಂದು ಕೂಗಿದ. "ಆದ್ರೆ ತೆಕ್ಬರ್, ಯಾರ ಮುಂದೇನೂ ಚಹಾ ಮಾಡಬೇಡ. ನನ್ನಾಣೆ. ನಮ್ಮ ವಂಶದ ಮಾನ ಹೋಗುತ್ತೆ."

ಮಾನ ಅದೇ ವಾರ ಹೋಯಿತು. ದೆಂಬಾ ನಿಂತಲ್ಲೆಲ್ಲ ಕಥೆ ಹೇಳಿದ. ತೊಳೆದದ್ದು, ಊದಿದ್ದು, ಪುದೀನದ ಬೇರು, ಎಲ್ಲ. ಅವಳು ಯಾಕೆ ಹಾಗೆ ಮಾಡಿದಳೆಂಬುದನ್ನು ಮಾತ್ರ ಬಿಟ್ಟ. ಒಂಟೆ ಹೇರುವುದರಿಂದ ತನ್ನನ್ನು ಉಳಿಸಿದ ಉಪಕಾರಕ್ಕಾಗಿ ಅದನ್ನು ಬಿಟ್ಟ. ತೆಕ್ಬರಳ ನೊರೆಗೆ ಹೆಸರಾಗಿದ್ದ ಸೀಮೆಯಲ್ಲಿ ಈಗ ಬೇರೆ ಮಾತು ಎದ್ದಿತು. ಪಾಪ, ಗಂಡ ಹೋದ ಮೇಲೆ ಕೈಯೇ ಮರೆತಿದೆಯಂತೆ. ಇಲ್ಲ ಎಂದು ತೋರಿಸೋಣವೆಂದರೆ ಯರ್ಬನ ಕಿವಿಗೆ ಬೀಳುತ್ತದೆ. ಬಿದ್ದರೆ ಅವನಿಗೆ ಆಟ ತಿಳಿದು, ಒಂಟೆಗೆಂದು ಮುಂದಿನ ಲಾರಿಗೇ ಬರುತ್ತಾನೆ.

ಪಕ್ಕದ ಬಿಡಾರದ ಮಿಂತು ಒಂದು ಸಂಜೆ ಬಂದಳು. ತೆಕ್ಬರ್ ಝರ್ಗಾಳ ಹಾಲು ಹಿಂಡಿ, ಬಟ್ಟಲು ಒಳಗೆ ತಂದಿಟ್ಟು, ರೂಢಿಯಂತೆ ಗಿಂಡಿಗೆ ಕೈ ಹಾಕಿದಳು. ಮಿಂತು ಮೆಲ್ಲಗೆ ಅವಳ ಕೈ ಹಿಡಿದುಕೊಂಡಳು.

"ನೀನು ಕೂತ್ಕೊಳೇ. ನಾನು ಮಾಡ್ತೀನಿ. ನನ್ನ ಹತ್ರ ಏನು ಸಂಕೋಚ?"

ಮಿಂತು ಮಾಡಿದ ಚಹಾದ ಮೇಲೆ ನೊರೆ ಅಂಚಿನಲ್ಲಷ್ಟೇ ಇತ್ತು, ತೊಳೆಯದ ಪಾತ್ರೆಗೆ ಅಂಟಿದ ಹಾಗೆ. ಗಾರ್ಮಿ ಮುಸುಕನ್ನು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು.

"ಹೇಗಿದೆ?" ಎಂದು ಕೇಳಿದಳು ಮಿಂತು.

"ಚೆನ್ನಾಗಿದೆ," ಅಂದಳು ತೆಕ್ಬರ್. "ನನಗೂ ಹೇಳಿಕೊಡು."

ಮಿಂತುಗೆ ಖುಷಿಯಾಯಿತು. ಅವಳ ಪಕ್ಕಕ್ಕೆ ಸರಿದು ಕೂತು, ಗಿಂಡಿಯನ್ನು ಅವಳ ಕೈಗೆ ಕೊಟ್ಟು, ಬೆರಳುಗಳನ್ನು ಒಂದೊಂದಾಗಿ ಹಿಡಿಕೆಗೆ ಸುತ್ತಿಸಿದಳು.

"ಹಾಂ. ಈಗ ಕೈ ಮೇಲೆತ್ತು. ಹೆದರ್ಬೇಡ, ನಾನಿದೀನಿ. ಇನ್ನೂ ಸ್ವಲ್ಪ ಎತ್ತು."

ತೆಕ್ಬರ್ ಸ್ವಲ್ಪವೇ ಎತ್ತಿದಳು.